ಮನಸ್ಸು ಬಿಡಿ, ಠರಾವು ಓದಿ: ತೋರಿಕೆಯ ಹೋರಾಟವನ್ನು ಅಳೆಯುವ ಬಗೆ

2020ರ ಜೂನ್ 2, ಮಂಗಳವಾರ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿಯ ಕುತ್ತಿಗೆಯ ಮೇಲೆ ಮಂಡಿಯೂರಿ ಕೊಂದು ಎಂಟು ದಿನವಾಗಿತ್ತು. ಆ ಮಂಗಳವಾರ ಇನ್‌ಸ್ಟಾಗ್ರಾಂ ತೆರೆದವರಿಗೆ ಕಂಡದ್ದು ಸಾಲುಸಾಲು ಕಪ್ಪು ಚೌಕ. ಸಿನಿಮಾ ತಾರೆಯರು, ಬ್ಯಾಂಕುಗಳು, ಶೂ ಕಂಪನಿಗಳು, ಕಾಲೇಜು ಹುಡುಗರು, ಎಲ್ಲರೂ ಅದನ್ನೇ ಹಾಕಿದ್ದರು. ‘ಬ್ಲ್ಯಾಕೌಟ್ ಟ್ಯೂಸ್‌ಡೇ’ ಹ್ಯಾಶ್‌ಟ್ಯಾಗಿನಡಿ ಒಂದೇ ದಿನ 2.8 ಕೋಟಿಗೂ ಹೆಚ್ಚು ಪೋಸ್ಟ್ ಬಿದ್ದವು.

ಆದರೆ ಕರೆ ಕೊಟ್ಟವರು ಕೇಳಿದ್ದು ಚೌಕವನ್ನಲ್ಲ. ಜಮೀಲಾ ಥಾಮಸ್ ಮತ್ತು ಬ್ರಿಯಾನಾ ಅಜೆಮಾಂಗ್ ಸಂಗೀತ ಉದ್ಯಮದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಕಪ್ಪು ಮಹಿಳೆಯರು. ಕಪ್ಪು ಕಲಾವಿದರ ಹಾಡಿನಿಂದ ಕೋಟಿಗಟ್ಟಲೆ ಗಳಿಸುವ ಉದ್ಯಮ ಒಂದು ದಿನ ಕೆಲಸ ನಿಲ್ಲಿಸಲಿ, ತಾನು ಯಾರ ಬೆವರಿನಿಂದ ಬದುಕುತ್ತಿದ್ದೇನೆಂದು ಲೆಕ್ಕ ಕೊಡಲಿ ಎಂಬುದು ಅವರ ಬೇಡಿಕೆ. ಮಂಗಳವಾರವನ್ನೇ ಆರಿಸಿದ್ದಕ್ಕೂ ಕಾರಣವಿತ್ತು. ಸೋಮವಾರ ನಿಲ್ಲಿಸಿದರೆ ವಾರಾಂತ್ಯದ ರಜೆ ಉದ್ದವಾದಂತೆ. ವಾರದ ನಡುವೆ ನಿಲ್ಲಿಸಿದರೆ ಕೆಲಸಕ್ಕೆ ನಿಜವಾಗಿ ಪೆಟ್ಟು. ಅಂದರೆ ಆ ಕರೆಯಲ್ಲಿ ಮೂರು ಅಂಗಗಳಿದ್ದವು: ಯಾರನ್ನು ಕೇಳುತ್ತಿದ್ದೇವೆ (ಸಂಗೀತ ಕಂಪನಿಗಳು), ಏನು ಕಳೆದುಕೊಳ್ಳಬೇಕು (ಒಂದು ದಿನದ ದುಡಿಮೆ), ಯಾವಾಗ (ಜೂನ್ 2). ಕೆಲವೇ ದಿನಗಳಲ್ಲಿ ಕರೆ ಕೈಯಿಂದ ಕೈಗೆ ದಾಟುತ್ತಾ ಮೊದಲ ಎರಡು ಅಂಗಗಳು ಉದುರಿಹೋದವು. ಉಳಿದದ್ದು ತಾರೀಖು ಮತ್ತು ಬಣ್ಣ.

ಅಲ್ಲಿಗೇ ನಿಂತಿದ್ದರೆ ವ್ಯರ್ಥ ಎಂದು ಸುಮ್ಮನಾಗಬಹುದಿತ್ತು. ಆದದ್ದು ಹಾನಿ. ಬೀದಿಯಲ್ಲಿದ್ದ ಪ್ರತಿಭಟನಕಾರರು ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ (ಕಪ್ಪು ಜನರ ಜೀವಕ್ಕೂ ಬೆಲೆಯಿದೆ) ಹ್ಯಾಶ್‌ಟ್ಯಾಗನ್ನು ಸುದ್ದಿಫಲಕದಂತೆ ಬಳಸುತ್ತಿದ್ದರು: ಪೊಲೀಸರು ಎಲ್ಲಿದ್ದಾರೆ, ಗಾಯಾಳುಗಳಿಗೆ ಎಲ್ಲಿ ಚಿಕಿತ್ಸೆ ಸಿಗುತ್ತದೆ, ಬಂಧಿತರನ್ನು ಬಿಡಿಸುವ ಜಾಮೀನು ನಿಧಿಗೆ ಹಣ ಎಲ್ಲಿ ಕಟ್ಟಬೇಕು. ಹ್ಯಾಶ್‌ಟ್ಯಾಗ್ ಪುಟದಲ್ಲಿ ಇತ್ತೀಚಿನ ಪೋಸ್ಟುಗಳು ಮೇಲೆ ಬರುತ್ತಿದ್ದ ಕಾಲ ಅದು. ಒಳ್ಳೆಯ ಮನಸ್ಸಿನಿಂದಲೇ ಲಕ್ಷಾಂತರ ಜನ ತಮ್ಮ ಕಪ್ಪು ಚೌಕಕ್ಕೂ ಆ ಹ್ಯಾಶ್‌ಟ್ಯಾಗ್ ಅಂಟಿಸಿದರು. ಬೇಕಾದ ಮಾಹಿತಿ ಚೌಕಗಳಡಿ ಹೂತುಹೋಯಿತು. ಆ ಹ್ಯಾಶ್‌ಟ್ಯಾಗ್ ತೆಗೆಯಿರಿ ಎಂದು ಸಂಘಟಕರೇ ಬೇಡಿಕೊಳ್ಳಬೇಕಾಯಿತು.

ಹಾಗೆ ಚೌಕ ಹಾಕಿದವರಲ್ಲಿ ಬಹುಪಾಲು ಜನ ಕಪಟಿಗಳಲ್ಲ. ಅವರ ಕಳಕಳಿ ನಿಜವೇ ಇದ್ದಿರಬಹುದು. ಆದ್ದರಿಂದ ‘ಇವರು ಮನಸಾರೆ ಮಾಡುತ್ತಿದ್ದಾರೋ, ತೋರಿಕೆಗೋ?’ ಎಂಬ ನಮ್ಮ ಮಾಮೂಲಿ ಪ್ರಶ್ನೆ ಇಲ್ಲಿ ಯಾವ ಉಪಯೋಗಕ್ಕೂ ಬರುವುದಿಲ್ಲ. ಮನಸಾರೆ ಮಾಡಿದ್ದೂ ಕೆಟ್ಟಿತು. ಇದರ ತಿರುಗು ಮುರುಗೂ ನಿಜ: ಪೂರ್ತಿ ಮನಸ್ಸಿಲ್ಲದೆ ಬರೆದುಕೊಟ್ಟ ಒಂದು ಸಾಲು ಮುಂದೆ ಯಾರದೋ ಹಕ್ಕಿನ ದಾಖಲೆಯಾದದ್ದುಂಟು. ಅದಕ್ಕೆ ಆಮೇಲೆ ಬರೋಣ.

ಖರ್ಚಿಲ್ಲದ ಸಂಕೇತ

ಮನಸ್ಸು ಕಾಣುವುದಿಲ್ಲ, ಸಂಕೇತ ಕಾಣುತ್ತದೆ. ಯಾವ ಸಂಕೇತವನ್ನು ಎಷ್ಟು ನಂಬಬೇಕು ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಸ್ಪಷ್ಟ ಉತ್ತರವಿದೆ. ಮೈಕೆಲ್ ಸ್ಪೆನ್ಸ್ 1973ರಲ್ಲಿ ಉದ್ಯೋಗ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಅದನ್ನು ವಿವರಿಸಿದರು. 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಈ ಬಗೆಯ ಕೆಲಸಕ್ಕೇ. ಸಂಕೇತ ದುಬಾರಿಯಾಗಿದ್ದರೆ ಸಾಲದು ಎಂಬುದನ್ನು ಹಲವರು ಮರೆಯುತ್ತಾರೆ. ನಿಜವಾದವನಿಗಿಂತ ನಟಿಸುವವನಿಗೆ ಅದು ಹೆಚ್ಚು ದುಬಾರಿಯಾಗಿರಬೇಕು. ಆಗಷ್ಟೇ ಅದು ಇಬ್ಬರನ್ನು ಬೇರೆ ಮಾಡುತ್ತದೆ. ಕೋಟ್ಯಧಿಪತಿ ಕೊಟ್ಟ ಲಕ್ಷ ರೂಪಾಯಿ ದೊಡ್ಡ ಮೊತ್ತವೇ ಹೌದು, ಆದರೆ ಅದರಿಂದ ಅವನ ಬಗ್ಗೆ ಏನೂ ತಿಳಿಯುವುದಿಲ್ಲ. ಜಾಹೀರಾತಿನ ಲೆಕ್ಕದಲ್ಲಿಯೂ ಅದು ಲಾಭವೇ.

ಅಲಬಾಮಾದ ಮಾಂಟ್ಗೊಮರಿಯಲ್ಲಿ ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ 1955ರ ಡಿಸೆಂಬರ್ 5ರಂದು ಶುರುವಾದ ಬಸ್ ಬಹಿಷ್ಕಾರವನ್ನು ಈ ಅಳತೆಗೆ ಹಿಡಿಯಿರಿ. ಅಲ್ಲಿನ ಬಸ್ ಪ್ರಯಾಣಿಕರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನ. 381 ದಿನ ಅವರು ಬಸ್ ಹತ್ತಲಿಲ್ಲ. ಮನೆಗೆಲಸದವರು, ಕೂಲಿಯವರು ಮೈಲಿಗಟ್ಟಲೆ ನಡೆದರು. ಕಾರಿದ್ದವರು ಹಂಚಿಕೊಂಡು ಓಡಿಸಿದರು. ಎಂಬತ್ತಕ್ಕೂ ಹೆಚ್ಚು ಮುಖಂಡರ ಮೇಲೆ ಮೊಕದ್ದಮೆ ಬಿತ್ತು. ತೋರಿಕೆಗಾಗಿ ಒಂದು ದಿನ ನಡೆಯಬಹುದು. ವರ್ಷಕ್ಕೂ ಮಿಗಿಲಾಗಿ ನಡೆಯಲು ಒಳಗೆ ಕಾರಣ ಬೇಕು. ಮೇಲಾಗಿ ಆ ಖರ್ಚು ಹೇಗಾದರೂ ತೋರಿಸಿಕೊಳ್ಳಲು ಮಾಡಿದ್ದಲ್ಲ. ಬಸ್ ಕಂಪನಿಯ ಗಲ್ಲಾಪೆಟ್ಟಿಗೆಯನ್ನೇ ಅದು ಹಿಂಡಿತು.

ಕಪ್ಪು ಚೌಕಕ್ಕೆ ಹತ್ತು ಸೆಕೆಂಡು ಸಾಕು, ನಿಜವಾದವನಿಗೂ ನಟಿಸುವವನಿಗೂ ಅದೇ ಹತ್ತು ಸೆಕೆಂಡು. ಅದಕ್ಕಿಂತ ಕೆಟ್ಟ ಸಂಗತಿಯೂ ಆಯಿತು: ಹಾಕದಿದ್ದವರನ್ನು ಏಕೆ ಹಾಕಿಲ್ಲವೆಂದು ಜನ ಕೇಳತೊಡಗಿದರು. ಮೌನಕ್ಕೆ ಬೆಲೆ ತೆರಬೇಕಾದಾಗ ಮಾತು ಅಗ್ಗವಾಗುವುದಷ್ಟೇ ಅಲ್ಲ, ಅದರ ಅರ್ಥವೇ ಬದಲಾಗುತ್ತದೆ. ಆಗ ಪೋಸ್ಟ್ ಹೇಳುವುದು ‘ನನಗೆ ಕಳಕಳಿಯಿದೆ’ ಎಂದಲ್ಲ, ‘ನನ್ನನ್ನು ಬಿಟ್ಟುಬಿಡಿ’ ಎಂದು.

ಪೋಸ್ಟಿನ ನಂತರ ಏನಾಗುತ್ತದೆ

ಕಡಿಮೆ ಖರ್ಚಿನ ಬೆಂಬಲ ಮುಂದಿನ ದೊಡ್ಡ ಬೆಂಬಲಕ್ಕೆ ಮೆಟ್ಟಿಲಾಗುತ್ತದೆಯೋ, ಅಥವಾ ಅದನ್ನೇ ನುಂಗಿಹಾಕುತ್ತದೆಯೋ? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಸೊಗಸಾದ ಉತ್ತರ ಕೊಡುತ್ತವೆ. ಅಲ್ಲಿ ಹುತಾತ್ಮ ಸೈನಿಕರ ಸ್ಮರಣೆಗೆ ನವೆಂಬರಿನಲ್ಲಿ ಗಸಗಸೆ ಹೂವಿನ ಬಿಲ್ಲೆ ಧರಿಸುವ ವಾಡಿಕೆಯಿದೆ. ಕೆಲವರಿಗೆ ಹೂವನ್ನು ಎದೆಗೆ ಚುಚ್ಚಿಕೊಳ್ಳಲು ಕೊಟ್ಟರು, ಕೆಲವರಿಗೆ ಯಾರಿಗೂ ಕಾಣದಂತೆ ಲಕೋಟೆಯಲ್ಲಿಟ್ಟು ಕೊಟ್ಟರು. ಸ್ವಲ್ಪ ಮುಂದೆ ಹೋದಾಗ ಇನ್ನೊಬ್ಬರು ಅದೇ ಉದ್ದೇಶಕ್ಕೆ ದೇಣಿಗೆ ಕೇಳಿದರು. ಹೆಚ್ಚು ಕೊಟ್ಟವರು ಲಕೋಟೆ ಪಡೆದವರು. ಎದೆಯ ಮೇಲೆ ಹೂವಿದ್ದವರಿಗೆ ‘ನಾನು ಒಳ್ಳೆಯವನೆಂದು ಕಾಣಿಸಬೇಕು’ ಎಂಬ ಹಸಿವು ಆಗಲೇ ತೀರಿತ್ತು. ಲಕೋಟೆಯವರಿಗೆ ಆ ತೃಪ್ತಿ ಇರಲಿಲ್ಲ. ಅವರು ತಮ್ಮ ಮನಸ್ಸಿನ ಮಾತಿಗೆ ತಕ್ಕಂತೆ ನಡೆದುಕೊಂಡರು. ಬಹಿರಂಗ ಬೆಂಬಲಿಗರಿಗೂ ಆ ಉದ್ದೇಶ ತಮ್ಮ ಮೌಲ್ಯಗಳಿಗೆ ಹೇಗೆ ಹೊಂದುತ್ತದೆಂದು ಯೋಚಿಸುವ ಅವಕಾಶ ಕೊಟ್ಟಾಗ ಈ ಅಂತರ ಕಿರಿದಾಯಿತು ಎಂಬುದೂ ಅದೇ ಸಂಶೋಧನೆಯಲ್ಲಿದೆ. ಕಾರ್ಯಕ್ರಮ ಆಯೋಜಿಸುವವರು ಗಮನಿಸಬೇಕಾದ ಸಂಗತಿ ಇದು: ಬ್ಯಾಡ್ಜ್ ಹಂಚಿ ಆಮೇಲೆ ಸಹಿ ಕೇಳಬೇಡಿ, ಮೊದಲು ಸಹಿ, ಸಮಯ, ಹಣ, ಆಮೇಲೆ ಬ್ಯಾಡ್ಜ್.

ಇದರ ಒಡಹುಟ್ಟಿದ ಇನ್ನೊಂದು ಪರಿಣಾಮವನ್ನು ಮನಶ್ಶಾಸ್ತ್ರಜ್ಞರಾದ ಮೋನಿನ್ ಮತ್ತು ಮಿಲ್ಲರ್ 2001ರಲ್ಲಿ ತೋರಿಸಿದರು. ಹೆಂಗಸರನ್ನು ಕೀಳಾಗಿಸುವ ಹೇಳಿಕೆಗಳನ್ನು ತಿರಸ್ಕರಿಸುವ ಅವಕಾಶ ಸಿಕ್ಕವರು, ಆನಂತರ ಒಂದು ಕೆಲಸಕ್ಕೆ ಯಾರು ಸೂಕ್ತ ಎಂದು ಕೇಳಿದಾಗ, ಗಂಡಸೇ ವಾಸಿ ಎನ್ನಲು ಹೆಚ್ಚು ಧೈರ್ಯ ತೋರಿದರು. ತಾನು ಪಕ್ಷಪಾತಿಯಲ್ಲ ಎಂಬ ಪ್ರಮಾಣಪತ್ರ ಜೇಬಿನಲ್ಲಿದೆಯಲ್ಲ! ಮಹಿಳಾ ದಿನವಾದ ಮಾರ್ಚ್ 8ರಂದು ಗುಲಾಬಿ ಹಂಚಿದ ಕಚೇರಿಯಲ್ಲೇ ಏಪ್ರಿಲ್‌ನ ಬಡ್ತಿ ಪಟ್ಟಿಯಲ್ಲಿ ಹೆಂಗಸರ ಹೆಸರಿಲ್ಲದಿರುವುದು ಏಕೆ ಅಷ್ಟು ಸಲೀಸು ಎಂಬುದಕ್ಕೆ ಇದು ಒಂದು ವಿವರಣೆ.

ಆನ್‌ಲೈನಿನಲ್ಲಿ ಇದು ಎಷ್ಟರ ಮಟ್ಟಿಗೆ ಹೋಗುತ್ತದೆಂದು ಅಳೆದವರೂ ಇದ್ದಾರೆ. ಸುಡಾನಿನ ಡಾರ್ಫರ್ ನರಮೇಧದ ವಿರುದ್ಧ ಫೇಸ್‌ಬುಕ್‌ನಲ್ಲಿ ಕಟ್ಟಿದ ಗುಂಪಿನಲ್ಲಿ ಸುಮಾರು 12 ಲಕ್ಷ ಸದಸ್ಯರಿದ್ದರು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವರೆಲ್ಲರ ಚಟುವಟಿಕೆ ತೆಗೆದು ನೋಡಿತು. ನೂರಕ್ಕೆ 99ಕ್ಕೂ ಹೆಚ್ಚು ಮಂದಿ ಏನನ್ನೂ ದೇಣಿಗೆ ಕೊಟ್ಟಿರಲಿಲ್ಲ; ನೂರಕ್ಕೆ 72 ಮಂದಿ ಇನ್ನೊಬ್ಬರನ್ನು ಸೇರಿಸಿಯೂ ಇರಲಿಲ್ಲ. ಸೇರುವುದೇ ಅವರು ಮಾಡಿದ ಮೊದಲ ಮತ್ತು ಕೊನೆಯ ಕೆಲಸ.

ಹಾಗಂತ ಪ್ರದರ್ಶನವೆಲ್ಲ ಬರಿದು ಎನ್ನಲಾಗದು. ಅದೇ 2014ರ ಬೇಸಿಗೆಯಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ‘ಐಸ್ ಬಕೆಟ್’ ಸವಾಲಿನ ವಿಡಿಯೊಗಳು ಹರಡಿದವು. ಅದಕ್ಕಿಂತ ಹೆಚ್ಚಿನ ತೋರಿಕೆ ಇನ್ನೇನಿದ್ದೀತು? ಆದರೆ ಎಎಲ್‌ಎಸ್ ಎಂಬ ನರರೋಗದ ಸಂಶೋಧನೆಗೆ ಅಮೆರಿಕದ ಸಂಘವೊಂದಕ್ಕೇ 11.5 ಕೋಟಿ ಡಾಲರ್ ಬಂತು. ಆ ಹಣ ಪಡೆದ ಸಂಶೋಧನೆಯಿಂದ 2016ರಲ್ಲಿ ರೋಗಕ್ಕೆ ಸಂಬಂಧಿಸಿದ ಹೊಸ ಜೀನ್ ಒಂದನ್ನು ಗುರುತಿಸಲಾಯಿತು. ವ್ಯತ್ಯಾಸ ಇದ್ದದ್ದು ಆಟದ ರಚನೆಯಲ್ಲಿ. ಸವಾಲು ಹೆಸರು ಹಿಡಿದು ಕರೆಯುತ್ತಿತ್ತು, 24 ಗಂಟೆಯ ಗಡುವಿತ್ತು, ಹಣ ಯಾರಿಗೆ ಹೋಗಬೇಕೆಂಬುದು ಖಚಿತವಿತ್ತು. ಕಪ್ಪು ಚೌಕದಲ್ಲಿ ಇವು ಒಂದೂ ಇರಲಿಲ್ಲ. ಜನರ ಮನಸ್ಸು ಎರಡರಲ್ಲೂ ಒಂದೇ ಬಗೆಯದು.

ಸರಿಯಾದ ಕಡೆ ಹೋದ ಹಣವೂ ಎಡವಬಹುದು, ಅದನ್ನೂ ಹೇಳಬೇಕು. 2020ರ ಮೇ–ಜೂನ್‌ನಲ್ಲಿ ಮಿನೆಸೋಟದ ಒಂದು ಪುಟ್ಟ ಜಾಮೀನು ನಿಧಿಗೆ ಕೆಲವೇ ವಾರಗಳಲ್ಲಿ 3 ಕೋಟಿ ಡಾಲರ್‌ಗೂ ಹೆಚ್ಚು ಬಂದು ಬಿತ್ತು. ಬೆರಳೆಣಿಕೆಯ ಸಿಬ್ಬಂದಿಯ ಸಂಸ್ಥೆ ಅದನ್ನು ಖರ್ಚು ಮಾಡಲಾರದೆ, ಇನ್ನು ಬೇರೆಯವರಿಗೆ ಕೊಡಿ ಎಂದಿತು. ಆಮೇಲೆ ಹಣ ಇಟ್ಟುಕೊಂಡು ಕೂತಿದ್ದೀರಿ ಎಂದು ಬೈಸಿಕೊಂಡಿತು. ಎಲ್ಲರೂ ಹಂಚಿಕೊಂಡ ಒಂದೇ ಲಿಂಕಿಗೆ ಎಲ್ಲರೂ ಕೊಟ್ಟರೆ ಹೀಗೇ ಆಗುವುದು.

ಕಂಪನಿಯ ಭರವಸೆಯನ್ನು ಓದುವ ಕ್ರಮ

ಫ್ಲಾಯ್ಡ್ ಹತ್ಯೆಯ ನಂತರ ಅಮೆರಿಕದ ದೊಡ್ಡ ಕಂಪನಿಗಳು ಜನಾಂಗೀಯ ಸಮಾನತೆಗೆಂದು ಭಾರಿ ಮೊತ್ತ ಘೋಷಿಸಿದವು. 2021ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅತಿದೊಡ್ಡ 50 ಕಂಪನಿಗಳ ಘೋಷಣೆಗಳನ್ನು ಕೂಡಿಸಿದಾಗ ಸಿಕ್ಕಿದ್ದು 4,950 ಕೋಟಿ ಡಾಲರ್. ಅದನ್ನು ಬಿಡಿಸಿದಾಗ ಚಿತ್ರ ಬೇರೆಯಾಯಿತು: 4,520 ಕೋಟಿ ಸಾಲ ಅಥವಾ ಹೂಡಿಕೆ, ಅಂದರೆ ಬಡ್ಡಿಯೋ ಲಾಭವೋ ಮರಳಿ ಬರಬಹುದಾದ ಹಣ, ಅದರಲ್ಲಿ ಅರ್ಧಕ್ಕೂ ಹೆಚ್ಚು ಗೃಹಸಾಲ, ಬಹುತೇಕ ಪಾಲು ಎರಡೇ ಬ್ಯಾಂಕುಗಳದ್ದು. ಕೊಟ್ಟು ಕೈತೊಳೆದುಕೊಳ್ಳುವ ಅನುದಾನ 420 ಕೋಟಿ. ಫ್ಲಾಯ್ಡ್ ಸತ್ತದ್ದು ಪೊಲೀಸ್ ವ್ಯವಸ್ಥೆಯಿಂದ. ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ದುಡಿಯುವ ಸಂಸ್ಥೆಗಳಿಗೆ ಹೋಯಿತೆಂದು ಕಂಪನಿಗಳೇ ಹೇಳಿದ್ದು ಸುಮಾರು 7 ಕೋಟಿ.

ಇದರಲ್ಲಿ ಸುಳ್ಳು ಎಂಬುದೇ ಇಲ್ಲ, ಗೊತ್ತೇ? ಗೃಹಸಾಲವೂ ಬೇಕು, ಕಪ್ಪು ಕುಟುಂಬಗಳಿಗೆ ಅದನ್ನು ನಿರಾಕರಿಸಿದ ಇತಿಹಾಸ ಅಲ್ಲಿ ದೊಡ್ಡದಿದೆ. ಆದರೆ ಸಾಲವನ್ನು ದಾನದ ಧಾಟಿಯಲ್ಲಿ ಘೋಷಿಸಿದರೆ ಓದುವವರು ಕೇಳಲೇಬೇಕಾದ ಪ್ರಶ್ನೆಗಳಿವೆ. ಈ ಹಣ ಅನುದಾನವೋ ಸಾಲವೋ? ಎಷ್ಟು ವರ್ಷಕ್ಕೆ ಹಂಚಿದ್ದು? (ಹತ್ತು ವರ್ಷದ ಮೊತ್ತವನ್ನು ಒಂದೇ ಶೀರ್ಷಿಕೆಯಲ್ಲಿ ಹಾಕುವುದು ಹಳೆಯ ಕಸುಬು.) ಘೋಷಣೆಗೆ ಮೊದಲೇ ಯೋಜಿಸಿದ್ದ ಖರ್ಚನ್ನೂ ಇದರಲ್ಲಿ ಸೇರಿಸಿದ್ದಾರೆಯೇ? ಕೊಡುವುದು ಕಂಪನಿಯ ಲಾಭದಿಂದಲೋ, ನೌಕರರಿಂದ ಎತ್ತಿದ ಚಂದಾದಿಂದಲೋ? ‘ಬದ್ಧರಾಗಿದ್ದೇವೆ’, ‘ಶ್ರಮಿಸುತ್ತೇವೆ’ ಎಂಬ ಕ್ರಿಯಾಪದಗಳ ಪಕ್ಕದಲ್ಲಿ ತಾರೀಖಿದೆಯೇ?

ಕೊನೆಯ ಪ್ರಶ್ನೆ ಏಕೆ ಮುಖ್ಯ ಎಂಬುದು 2024–25ರಲ್ಲಿ ತಿಳಿಯಿತು. ರಾಜಕೀಯ ಗಾಳಿ ತಿರುಗಿದಾಗ ಅಮೆರಿಕದ ಹಲವು ದೊಡ್ಡ ಕಂಪನಿಗಳು ತಮ್ಮ ವೈವಿಧ್ಯ ಗುರಿಗಳನ್ನು ಕೈಬಿಟ್ಟವು. ಪತ್ರಿಕಾ ಹೇಳಿಕೆಯಾಗಿ ಹುಟ್ಟಿದ್ದು ಪತ್ರಿಕಾ ಹೇಳಿಕೆಯಿಂದಲೇ ಸತ್ತಿತು.

ಮಹಾಡ್‌ನ ಕೆರೆ ಮತ್ತು ಒಂದು ಕಾಗದ

ಈಗ ಮೇಲೆ ಹೇಳಿದ ಆ ‘ಮನಸ್ಸಿಲ್ಲದವರ ಸಾಲು’. 1923ರ ಆಗಸ್ಟ್‌ನಲ್ಲಿ ಮುಂಬೈ ಪ್ರಾಂತ್ಯದ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಒಂದು ಠರಾವು ಮಂಡಿಸಿದರು: ಸರ್ಕಾರದ ಹಣದಿಂದ ಕಟ್ಟಿದ, ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಆಸ್ಪತ್ರೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕು. ಠರಾವು ಪಾಸಾಯಿತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕನ್ನಡ ಸೀಮೆಯೂ ಅಂದು ಅದೇ ಪ್ರಾಂತ್ಯದಲ್ಲಿತ್ತು. 1924ರಲ್ಲಿ ಕೊಂಕಣದ ಮಹಾಡ್ ಪುರಸಭೆ ತನ್ನ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ತಾನೂ ಠರಾವು ಬರೆಯಿತು. ಆಮೇಲೆ ಮೂರು ವರ್ಷ ಏನೂ ಆಗಲಿಲ್ಲ. ದಲಿತರು ನೀರು ಮುಟ್ಟುವ ಸ್ಥಿತಿ ಇರಲಿಲ್ಲ, ಪುರಸಭೆ ಅದನ್ನು ಜಾರಿ ಮಾಡಲೂ ಹೋಗಲಿಲ್ಲ. ಇಂದಿನ ಮಾತಿನಲ್ಲಿ ಅದೊಂದು ಪೋಸ್ಟ್.

ಬೋಲೆ ಈ ದೋಷ ಕಂಡರು. 1926ರಲ್ಲಿ ಮತ್ತೆ ಬಂದು, ಪಾಲಿಸದ ಸ್ಥಳೀಯ ಸಂಸ್ಥೆಗಳಿಗೆ ಅನುದಾನ ನಿಲ್ಲಿಸಿ ಎಂದು ಕೇಳಿದರು. ಮೊದಲ ಠರಾವಿಗೂ ಎರಡನೆಯದಕ್ಕೂ ಇರುವ ಅಂತರ ಇಷ್ಟೇ: ಮೊದಲನೆಯದರಲ್ಲಿ ಮುರಿದವರಿಗೆ ಏನಾಗುತ್ತದೆ ಎಂದು ಬರೆದಿರಲಿಲ್ಲ.

1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಕೆರೆಗೆ ನಡೆದು ನೀರು ಕುಡಿದರು. ಅವರ ಹಿಂದೆ ನಿಂತದ್ದು ಆ ಪುರಸಭೆಯ ಠರಾವೇ. ಬರೆದವರಲ್ಲಿ ಎಷ್ಟು ಮಂದಿಗೆ ನಿಜವಾದ ಕಳಕಳಿಯಿತ್ತೋ, ಎಷ್ಟು ಮಂದಿ ಮೇಲಿನವರ ಕಣ್ಣಿಗೆ ಬರೆದರೋ, ಕೆರೆಗೆ ಇಳಿದವರಿಗೆ ಅದು ಬೇಕಿರಲಿಲ್ಲ. ಕಾಗದದಲ್ಲಿ ಕೆರೆಯ ಹೆಸರು ಸ್ಪಷ್ಟವಿತ್ತು, ಅಷ್ಟು ಸಾಕಾಯಿತು. ಸವರ್ಣೀಯರು ಹಲ್ಲೆ ಮಾಡಿದರು, ಕೆರೆಯನ್ನು ‘ಶುದ್ಧ’ ಮಾಡಿಸಿದರು. ಆಗಸ್ಟ್‌ನಲ್ಲಿ ಪುರಸಭೆ ತನ್ನ ಠರಾವನ್ನೇ ಹಿಂತೆಗೆದುಕೊಂಡಿತು. ಖಾಲಿ ಎಂದು ಎಲ್ಲರೂ ತಿಳಿದಿದ್ದ ಮಾತನ್ನು ಯಾರೋ ನಿಜವೆಂದು ಹಿಡಿದು ಬಂದಾಗ ಆಡಿದವರು ಬೆದರುವುದು ಹೀಗೆ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 1937ರಲ್ಲಿ ಮುಂಬೈ ಹೈಕೋರ್ಟ್ ದಲಿತರ ಪರವಾಗಿ ತೀರ್ಪು ಕೊಟ್ಟಿತು. ಠರಾವು ಹಿಂತೆಗೆಯಬಹುದು, ತೀರ್ಪು ಹಿಂತೆಗೆಯಲು ಪುರಸಭೆಗೆ ಬರುವುದಿಲ್ಲ.

ಹಾಗಾಗಿ ಅಳೆಯಬೇಕಾದದ್ದು ಇದನ್ನು: ಆಡಿದ ಮಾತನ್ನು ಬೇರೆಯವರು ಹಿಡಿದು ಕೇಳಲು ಬರುತ್ತದೆಯೇ?

ಬ್ರಿಟನ್ನಿನಲ್ಲಿ ಇದನ್ನು ಯಂತ್ರಕ್ಕೇ ಒಪ್ಪಿಸಿದರು. ಅಲ್ಲಿ 250 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಗಂಡು–ಹೆಣ್ಣಿನ ವೇತನ ಅಂತರವನ್ನು 2017ರ ನಿಯಮದಂತೆ ಪ್ರತಿವರ್ಷ ಪ್ರಕಟಿಸಬೇಕು. 2022ರ ಮಾರ್ಚ್ 8ರಂದು ಟ್ವಿಟರ್‌ನಲ್ಲಿ ತಾನಾಗಿಯೇ ಉತ್ತರಿಸುವ ಒಂದು ಬಾಟ್ (ಪ್ರೋಗ್ರಾಂ), ಮಹಿಳಾ ದಿನದ ಶುಭಾಶಯ ಹಾಕಿದ ಪ್ರತಿ ಸಂಸ್ಥೆಯ ಟ್ವೀಟಿನ ಕೆಳಗೆ ಆ ಸಂಸ್ಥೆಯದೇ ಅಂಕಿಯನ್ನು ಅಂಟಿಸುತ್ತ ಹೋಯಿತು: ಇಲ್ಲಿ ಹೆಂಗಸರ ಮಧ್ಯಮ (ಮೀಡಿಯನ್, ಅಂದರೆ ಸಾಲಿನ ನಡುವೆ ನಿಲ್ಲುವವರ) ಗಂಟೆವೇತನ ಗಂಡಸರಿಗಿಂತ ಶೇಕಡ ಇಷ್ಟು ಕಡಿಮೆ. ಬೈಗುಳವಿಲ್ಲ, ವ್ಯಂಗ್ಯವಿಲ್ಲ. ಕೆಲವು ಸಂಸ್ಥೆಗಳು ಶುಭಾಶಯವನ್ನೇ ಅಳಿಸಿಬಿಟ್ಟವು.

ನಮ್ಮಲ್ಲಿ ಯಾವ ಕಾಗದ ಹುಡುಕಬೇಕು

ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದ ಲಿಸ್ಟೆಡ್ (ಷೇರುಪೇಟೆಯಲ್ಲಿ ನೋಂದಾಯಿತ) ಕಂಪನಿಗಳು 2022–23ರಿಂದ ವಾರ್ಷಿಕ ವರದಿಯೊಂದಿಗೆ ಬಿಆರ್‌ಎಸ್‌ಆರ್ ಎಂಬ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಲೇಬೇಕು. ನೂರಾರು ಪುಟದ ವಾರ್ಷಿಕ ವರದಿಯ ಪಿಡಿಎಫ್‌ನಲ್ಲಿ ಅದನ್ನು ಹುಡುಕಿ, ಮೊದಲು ‘ಎ’ ವಿಭಾಗ ನೋಡಿ: ಕಾಯಂ ನೌಕರರೆಷ್ಟು, ಕಾಯಂ ಅಲ್ಲದವರೆಷ್ಟು, ಅವರಲ್ಲಿ ಹೆಂಗಸರೆಷ್ಟು, ಅಂಗವಿಕಲರೆಷ್ಟು, ನಿರ್ದೇಶಕ ಮಂಡಳಿಯಲ್ಲಿ ಹೆಂಗಸರೆಷ್ಟು. ಆಮೇಲೆ, ವರದಿಯನ್ನು ವಿಂಗಡಿಸಿರುವ ತತ್ವಗಳಲ್ಲಿ ಐದನೆಯದರಡಿ ಗಂಡು–ಹೆಣ್ಣಿನ ಮಧ್ಯಮ ವೇತನ, ಲೈಂಗಿಕ ಕಿರುಕುಳದ ದೂರುಗಳ ಸಂಖ್ಯೆ. ಮೂರನೆಯದರಡಿ ಹೆರಿಗೆ ರಜೆಯ ನಂತರ ಎಷ್ಟು ಮಂದಿ ಮರಳಿದರು, ಎಷ್ಟು ಮಂದಿ ಉಳಿದರು. ಈ ಕೊನೆಯದನ್ನು ಯಾರೂ ಓದುವುದಿಲ್ಲ, ಹೆಚ್ಚು ಹೇಳುವುದೂ ಅದೇ; ನೇಮಕಾತಿಯ ಅಂಕಿಯನ್ನು ಒಂದು ವರ್ಷದಲ್ಲಿ ಚಂದಗೊಳಿಸಬಹುದು, ಉಳಿಯುವವರ ಅಂಕಿ ಹಾಗೆ ಬಗ್ಗುವುದಿಲ್ಲ. ಸಾವಿರಾರು ನೌಕರರಿರುವ ಕಡೆ ಕಿರುಕುಳದ ದೂರು ವರ್ಷವರ್ಷವೂ ಸೊನ್ನೆ ಎಂದಿದ್ದರೆ ಖುಷಿಪಡುವ ಮೊದಲು ದೂರು ಕೊಡುವ ದಾರಿ ಇದೆಯೇ ಎಂದು ನೋಡಬೇಕು.

ಆ ವರದಿ ಕೇಳದಿರುವ ಒಂದು ಸಂಗತಿಯೂ ಇದೆ: ನೌಕರರ ಜಾತಿ. ಏಪ್ರಿಲ್ 14ರಂದು ನೀಲಿ ಹಿನ್ನೆಲೆಯಲ್ಲಿ ಅಂಬೇಡ್ಕರ್ ಚಿತ್ರ ಹಾಕುವ ಖಾಸಗಿ ಕಂಪನಿಯನ್ನು ಅಂಕಿಯಿಂದ ತಡೆದು ಕೇಳಲು ಹಾಗಾಗಿ ದಾರಿಯೇ ಇಲ್ಲ. ಆ ದಿನದ ಪೋಸ್ಟುಗಳು ಅಷ್ಟು ನಿರಾತಂಕವಾಗಿ ಬರುವುದಕ್ಕೆ ಅದೂ ಕಾರಣವಿರಬಹುದು.

ಲಿಸ್ಟ್ ಆಗದ ಸಣ್ಣ ಸಂಸ್ಥೆಗಳಿಗೆ ಬೇರೆ ಅಳತೆಗಳಿವೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಪಾಶ್ ಕಾಯ್ದೆಯಂತೆ 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು. ಸಮಿತಿ ರಚಿಸಿದ ಆದೇಶವನ್ನು ಎದ್ದು ಕಾಣುವ ಜಾಗದಲ್ಲಿ ಅಂಟಿಸಬೇಕು. ಮಹಿಳಾ ದಿನದ ಬ್ಯಾನರ್ ಕಟ್ಟಿದ ಗೋಡೆಯಲ್ಲಿ ಆ ಹಾಳೆ ಇದೆಯೇ ಎಂದು ನೋಡುವುದಕ್ಕೆ ಯಾರ ಅನುಮತಿಯೂ ಬೇಡ. ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ‘ಪ್ರೈಡ್’ ತಿಂಗಳಾದ ಜೂನ್‌ನಲ್ಲಿ ಲೋಗೊಕ್ಕೆ ಕಾಮನಬಿಲ್ಲು ಹಚ್ಚಿದವರನ್ನು ಕೇಳಬೇಕಾದದ್ದು: 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆ ಮತ್ತು 2020ರ ನಿಯಮಗಳ ಪ್ರಕಾರ ಸಮಾನ ಅವಕಾಶ ನೀತಿ ಪ್ರಕಟಿಸಿದ್ದೀರಾ, ದೂರು ಅಧಿಕಾರಿಯ ಹೆಸರೇನು?

ಸರ್ಕಾರದ ವಿಷಯದಲ್ಲೂ ಇದೇ ಕ್ರಮ. ಕರ್ನಾಟಕದಲ್ಲಿ ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಹಾರ, ಶಾಲು, ಬಿಸಿಯೂಟ, ಫೋಟೊ. ಆದರೆ 2022ರ ಜುಲೈನಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಕಸ ಎತ್ತುವುದನ್ನು ನಿಲ್ಲಿಸಿ ಕೇಳಿದ್ದು ನೌಕರಿ ಕಾಯಂ ಮಾಡಿ ಎಂದು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನರಿಗೆ ನೇಮಕಾತಿ ಪತ್ರ ಕೊಟ್ಟ ಸಮಾರಂಭದಲ್ಲೂ ವೇದಿಕೆ, ಕ್ಯಾಮೆರಾ ಇದ್ದವು; ಅದೂ ಪ್ರದರ್ಶನವೇ. ಕಾರ್ಮಿಕರ ಕೈಯಲ್ಲಿ ಪತ್ರ ಉಳಿಯಿತು. ಇನ್ನು ಬಜೆಟ್: ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಯ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಪರಿಶಿಷ್ಟರ ಜನಸಂಖ್ಯೆಗೆ ತಕ್ಕಂತೆ ಶೇ 24.1ರಷ್ಟು ಹಣ ಮೀಸಲಿಡಲು ಹೇಳುತ್ತದೆ. ಎಲ್ಲರಿಗೂ ಸೇರಿದ ಕಾಮಗಾರಿಗಳ ಖರ್ಚಿನ ಒಂದು ಪಾಲನ್ನು ಪರಿಶಿಷ್ಟರಿಗಾಗಿ ಮಾಡಿದ್ದೆಂದು ತೋರಿಸಲು ದಾರಿ ಕೊಟ್ಟಿದ್ದ ಅದರ 7ಡಿ ಕಲಮನ್ನು ದಲಿತ ಸಂಘಟನೆಗಳ ವರ್ಷಗಳ ಒತ್ತಡದ ನಂತರ 2023ರಲ್ಲಿ ತೆಗೆಯಲಾಯಿತು. ಜಯಂತಿಯ ಭಾಷಣಕ್ಕಿಂತ ಆ ಒಂದು ಉಪಕಲಮಿನಲ್ಲಿ ಹೆಚ್ಚು ರಾಜಕೀಯವಿತ್ತು.

‘ಬರೀ ತೋರಿಕೆ’ ಎಂಬ ಬೈಗುಳ

ಇನ್ನೊಂದು ಬದಿಯ ನಾಟಕವೂ ಇದೆ. ಯಾರು ಏನೇ ಮಾತಾಡಲಿ, ಇದೆಲ್ಲ ಪ್ರಚಾರಕ್ಕೆ ಎಂದು ತಳ್ಳಿಹಾಕುವುದು ಈಗ ಸುಲಭದ ಜಾಣತನ. ಅದಕ್ಕೂ ಖರ್ಚಿಲ್ಲ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದ್ದು: ಸ್ವಾರ್ಥಿಗಳನ್ನು ಶಿಕ್ಷಿಸುವವರನ್ನು ಜನ ಹೆಚ್ಚು ನಂಬುತ್ತಾರೆ, ಆ ನಂಬಿಕೆ ಬಹುಮಟ್ಟಿಗೆ ಸರಿಯೂ ಹೌದು, ಆದರೆ ನೇರವಾಗಿ ನೆರವಾಗುವ ದಾರಿ ತೆರೆದಾಗ ಜನ ಶಿಕ್ಷಿಸುವುದನ್ನು ಕಡಿಮೆ ಮಾಡುತ್ತಾರೆ. ಅಂದರೆ ಬೈಯುವುದು ಒಳ್ಳೆಯತನದ ಗುರುತುಪತ್ರವಾಗಿಯೂ ಕೆಲಸ ಮಾಡುತ್ತದೆ; ಬೇರೆ ಗುರುತುಪತ್ರ ಸಿಕ್ಕಾಗ ಅದರ ಅಗತ್ಯ ಇಳಿಯುತ್ತದೆ. ಆನ್‌ಲೈನಿನಲ್ಲಿ ಬೈಯಲು ಒಂದು ಗುಂಡಿ, ನೆರವಾಗಲು ಹತ್ತು ಹೆಜ್ಜೆ.

ಮಾತಿನ ಬೆಲೆ ಆಡುವವರ ಮೇಲೆ ನಿಂತಿದೆ ಎಂಬುದನ್ನೂ ಈ ಬೈಗುಳ ಮರೆಯುತ್ತದೆ. ಡೆಲಿವರಿ ಹುಡುಗನೊಬ್ಬ ಆ್ಯಪ್ ಕಂಪನಿಯ ಕಮಿಷನ್ ಬಗ್ಗೆ ಹೆಸರು ಹಾಕಿ ಬರೆದರೆ ಮರುದಿನ ಅವನ ಐಡಿ ಬಂದ್ ಆಗಬಹುದು. ಅದೇ ವಾಕ್ಯವನ್ನು ಗ್ರಾಹಕ ಬರೆದರೆ ಏನೂ ಆಗದು. ಪೋಸ್ಟ್ ಒಂದೇ, ಒಬ್ಬನಿಗೆ ಅದು ಮಾಂಟ್ಗೊಮರಿ, ಇನ್ನೊಬ್ಬನಿಗೆ ಕಪ್ಪು ಚೌಕ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ 1ರಿಂದ 5 ಶೇಕಡದಷ್ಟು ಕಲ್ಯಾಣ ಶುಲ್ಕವನ್ನು ಆ್ಯಪ್ ಕಂಪನಿಗಳ ಮೇಲೆ ಹಾಕಲು ಅವಕಾಶ ಕೊಡುತ್ತದೆ. ಅದಕ್ಕೆ ಮೊದಲು ಆ ಕಾರ್ಮಿಕರ ಪಾಲಿಗೆ ಇದ್ದದ್ದು ಬಾಯಿಯೊಂದೇ.

ಹೇಳಿಕೆ ಬರೆಯುವುದಾದರೆ

ಸಂಘವೋ ಕಚೇರಿಯೋ ಹೇಳಿಕೆ ಹೊರಡಿಸಲೇಬೇಕಾದ ಸಂದರ್ಭ ಬರುತ್ತದೆ. ಮಾಮೂಲಿ ಕರಡು ಹೀಗಿರುತ್ತದೆ: ‘ನಮ್ಮ ಸಂಸ್ಥೆ ಸಮಾನತೆಯಲ್ಲಿ ನಂಬಿಕೆಯಿಟ್ಟಿದೆ. ಎಲ್ಲ ಬಗೆಯ ತಾರತಮ್ಯವನ್ನು ಖಂಡಿಸುತ್ತದೆ. ಎಲ್ಲರನ್ನೂ ಒಳಗೊಳ್ಳುವ ವಾತಾವರಣಕ್ಕೆ ಬದ್ಧವಾಗಿದೆ.’ ಇದನ್ನು ಒಪ್ಪದವರು ಯಾರೂ ಇಲ್ಲ, ಅದಕ್ಕೇ ಇದು ಏನನ್ನೂ ಹೇಳುವುದಿಲ್ಲ. ಅದೇ ಸಂಸ್ಥೆ (ಅಂಕಿಗಳು ಕಲ್ಪಿತ) ಹೀಗೆ ಬರೆದಿದ್ದರೆ: ‘ನಮ್ಮಲ್ಲಿ 340 ನೌಕರರು, ಮೇಲ್ವಿಚಾರಕರು 28. ಅವರಲ್ಲಿ ಹೆಂಗಸರು 3. ಇದು ಕಡಿಮೆ. ಮುಂದಿನ ಮಾರ್ಚ್ 31ರೊಳಗೆ ಖಾಲಿಯಾಗುವ 6 ಮೇಲ್ವಿಚಾರಕ ಹುದ್ದೆಗಳಿಗೆ ಅರ್ಹತಾಪಟ್ಟಿಯಲ್ಲಿ ತಲಾ ಇಬ್ಬರು ಮಹಿಳೆಯರಿಲ್ಲದೆ ಸಂದರ್ಶನ ನಡೆಸುವುದಿಲ್ಲ. ರಾತ್ರಿಪಾಳಿಯ ವಾಹನಕ್ಕೆ 9 ಲಕ್ಷ ರೂಪಾಯಿ ತೆಗೆದಿರಿಸಿದ್ದೇವೆ. ಹೊಣೆ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರದು. ಏಪ್ರಿಲ್ 15ಕ್ಕೆ ಫಲಿತಾಂಶ ಇದೇ ಜಾಗದಲ್ಲಿ ಪ್ರಕಟಿಸುತ್ತೇವೆ.’

‘ಇದು ಕಡಿಮೆ’ ಎಂಬ ಎರಡು ಪದಗಳನ್ನು ಆಡಳಿತ ಮಂಡಳಿ ಅಳಿಸಲು ನೋಡುತ್ತದೆ. ಬಿಡಬಾರದು. ಜನ ಕಪಟಿಯನ್ನು ಏಕೆ ದ್ವೇಷಿಸುತ್ತಾರೆ ಎಂದು 2017ರಲ್ಲಿ ನಡೆದ ಪ್ರಯೋಗಗಳಲ್ಲಿ ಕಂಡದ್ದು, ಸಿಟ್ಟು ಬರುವುದು ತಪ್ಪು ಮಾಡಿದ್ದಕ್ಕಿಂತ ಇಲ್ಲದ ಒಳ್ಳೆಯತನ ತೋರಿಸಿಕೊಂಡದ್ದಕ್ಕೆ. ‘ಇದು ಕೆಟ್ಟದ್ದು, ನಾನೂ ಕೆಲವೊಮ್ಮೆ ಮಾಡುತ್ತೇನೆ’ ಎಂದವರ ಮೇಲೆ ಆ ಸಿಟ್ಟು ಅಷ್ಟಾಗಿ ಬರಲಿಲ್ಲ. ಹುಷಾರಾಗಿರಬೇಕಾದದ್ದು ಅಂಕಿಗಳ ಬುಡದಲ್ಲಿ: ಗುತ್ತಿಗೆಯ ಹೌಸ್‌ಕೀಪಿಂಗ್, ಸೆಕ್ಯುರಿಟಿಯವರನ್ನು ಆ 340ರಲ್ಲಿ ಸೇರಿಸಿದ್ದಾರೆಯೇ? ಸಾಮಾನ್ಯವಾಗಿ ಕೈಬಿಡುವುದು ಅವರನ್ನೇ, ಜಾತಿಯ ಪ್ರಶ್ನೆ ಇರುವುದೂ ಅಲ್ಲೇ.

ಬರೆದದ್ದನ್ನು ಹಿಡಿದು ಕೇಳುವ ದಾರಿಗಳು ದುಬಾರಿಯೇನಲ್ಲ. ಸರ್ಕಾರಿ ಸಂಸ್ಥೆಯಾದರೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ, ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಆದ್ದರಿಂದ ‘ಏನು ಕ್ರಮ ಕೈಗೊಂಡಿದ್ದೀರಿ’ ಎಂದು ಕೇಳಬೇಡಿ. ಇಂಥ ತಾರೀಖಿನ ಇಂಥ ಆದೇಶದ ಪ್ರತಿ, ಇಂಥ ಲೆಕ್ಕಶೀರ್ಷಿಕೆಯಲ್ಲಿ ಇಂಥ ವರ್ಷದ ಖರ್ಚು ಎಂದು ಕೇಳಿ. ಲಿಸ್ಟೆಡ್ ಕಂಪನಿಯಾದರೆ ಒಂದೇ ಷೇರು ಇದ್ದವರೂ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಪ್ರಶ್ನೆ ಹಾಕಬಹುದು. ಮಾರ್ಚ್‌ಗೆ ಲೆಕ್ಕ ಮುಗಿಸುವ ಕಂಪನಿಗಳ ಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ನಡೆಯುತ್ತದೆ. ಆನ್‌ಲೈನ್ ಸಭೆಯಾದರೆ ಮಾತಾಡುವವರು ಮೊದಲೇ ಹೆಸರು ನೋಂದಾಯಿಸಬೇಕು, ಅದರ ಇಮೇಲ್ ವಿಳಾಸ ಮತ್ತು ಕೊನೆಯ ದಿನ ಸಭೆಯ ನೋಟಿಸಿನಲ್ಲಿರುತ್ತದೆ. ಪ್ರಶ್ನೆ ಕಳಿಸುವಾಗ ವರದಿಯ ಪುಟಸಂಖ್ಯೆ ಹಾಕಿ.